ಹತ್ತು ಜನರನ್ನು ಆಡಿಸಿದವರು

ಅವರನ್ನು ಮಣ್ಣಿಗೆ ಇಳಿಸುವಾಗಲೂ ನಮ್ಮವರು ಲೆಫ್ಟ್ ಬ್ಯಾಕ್ ವಿಷಯ ಬಿಡಲಿಲ್ಲ. ಗುಣಿಯೊಳಗೆ ಅವರನ್ನು ಕೂರಿಸಿ, ಹಣೆ ತುಂಬ ವಿಭೂತಿ ಬಳಿದು, ಅಯ್ಯನವರು ಮಂತ್ರ ಹೇಳುತ್ತಿದ್ದರು. ನನ್ನ ಬೆನ್ನ ಹಿಂದೆ ಇಬ್ಬರ ಪಿಸುಮಾತು.

“ಇನ್ಮ್ಯಾಕಾದ್ರೂ ಅನ್ನೊಂದ್ ಜನನ ಆಡುಸ್ಬೌದಲ್ಲಾ?”

“ಸುಮ್ಕಿರ್ಲಾ. ಕೇಳುಸ್ಕಂಡಾರು.”

ಯಾರು ಕೇಳಿಸಿಕೊಂಡಾರು ಎಂದು ತಿರುಗಿ ಕೇಳುವ ಧೈರ್ಯ ನನಗೆ ಬರಲಿಲ್ಲ. ಗುಣಿಯಲ್ಲಿ ಕೂತವರ ಮುಖ ನಮ್ಮ ಕಡೆಗೇ ಇತ್ತು.

ಅವರು ನಮ್ಮೂರ ಫುಟ್‌ಬಾಲ್ ತಂಡದ ಮೇನೇಜರ್. ಊರೆಲ್ಲ ಮೇನೇಜ್ರಣ್ಣ ಎನ್ನುತ್ತಿತ್ತು. ತಂದೆ ತಾಯಿ ಇಟ್ಟ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಬದುಕಿದ್ದಾಗ ಆ ಹೆಸರಿಗೆ ನಾವು ಮಾಡಿದ್ದೇ ಸಾಕು. ತಾಳಮಲೆಯ ದಾರಿಯಲ್ಲಿ ಕಾಡಿಗೆ ಮೈ ತಾಗಿಸಿಕೊಂಡಿರುವ ಊರು ನಮ್ಮದು. ಸರ್ಕಾರ ತಮಿಳಿನದು, ಮಾತು ಕನ್ನಡದ್ದು, ಹುಚ್ಚು ಫುಟ್‌ಬಾಲಿನದು. ಮೈದಾನದ ಬಲಕ್ಕೆ ಕೋಸಿನ ಹೊಲ, ಎಡಕ್ಕೆ ಆಳೆತ್ತರದ ಲಂಟಾನ ಪೊದೆ, ಅದರಾಚೆ ಕಾಡು. ಮಧ್ಯಾಹ್ನ ಮೂರಾದರೆ ಸಾಕು, ಪೊದೆಯ ಕಡೆಯಿಂದ ಮಂಜು ತೆವಳಿಕೊಂಡು ಬಂದು ಕಾರ್ನರಿನ ಬಾವುಟವನ್ನು ನುಂಗುತ್ತದೆ.

ನಾನು ಊರ ಕನ್ನಡ ಶಾಲೆಯ ಮೇಷ್ಟ್ರು. ಭಾನುವಾರ ಆಟವಿದ್ದರೆ ಮೈಕು ನನ್ನ ಕೈಯಲ್ಲಿ. ಬಾಯಿ ಸುಮ್ಮನಿರದ ಮನುಷ್ಯ ನಾನು. ಆಟಗಾರರ ಹೆಸರು ಹೇಳುವುದು, ಗೋಲಾದರೆ ಕಿರುಚುವುದು, ಆಗದಿದ್ದರೆ ಮೇನೇಜರನ್ನು ಗೇಲಿ ಮಾಡುವುದು ನನ್ನ ಕೆಲಸ. ನಮ್ಮ ತಂಡಕ್ಕೆ ಗೋಲಾಗುತ್ತಿದ್ದುದು ಅಪರೂಪ. ಹಾಗಾಗಿ ಮೂರನೆಯ ಕೆಲಸವೇ ಹೆಚ್ಚು ನಡೆಯುತ್ತಿತ್ತು.

ಮೇನೇಜ್ರಣ್ಣ ಮೂವತ್ತು ವರ್ಷ ಕೋಸಿನ ಲಾರಿ ಓಡಿಸಿದವರು. ತಾಳವಾಡಿಯಿಂದ ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ, ಖಾಲಿ ಲಾರಿಯಲ್ಲಿ ಮತ್ತೆ ಮೇಲಕ್ಕೆ. ಫುಟ್‌ಬಾಲನ್ನೂ ಅವರು ಆ ಇಪ್ಪತ್ತೇಳು ತಿರುವುಗಳಲ್ಲೇ ಕಲಿತಂತಿತ್ತು. ಎದುರು ತಂಡದವರು ಚೆಂಡು ಹಿಡಿದು ನುಗ್ಗಿದರೆ ನಮ್ಮವರು ಪಕ್ಕಕ್ಕೆ ಒತ್ತಿ ನಿಂತುಕೊಳ್ಳಬೇಕು, ಮೇಲೆ ಬೀಳಬಾರದು. “ಮ್ಯಾಲಕ್ಕ ಬರೋ ಗಾಡಿಗ ಜಾಗ ಬುಡ್ಬೇಕು ಕಣ್ರಪ್ಪಾ. ಅದೇ ಉಸ್ರು ಕಟ್ಕಂಡು ನಿಲ್ತದ. ಆಗ ನೀವು ಒರಡಿ” ಎನ್ನುತ್ತಿದ್ದರು. ಎದುರಿನವರು ಉಸಿರು ಕಟ್ಟಿ ನಿಂತದ್ದನ್ನು ನಾವು ಕಾಣಲಿಲ್ಲ. ಜಾಗ ಬಿಟ್ಟದ್ದನ್ನು ಮಾತ್ರ ಕಂಡೆವು.

ಮೈದಾನದ ಬಲಬದಿಯ ಬಂಡೆಯ ಮೇಲೆ ನಮ್ಮ ಅಭಿಮಾನಿಗಳು ಕೂರುತ್ತಿದ್ದರು. ಕೋಸು ಕೊಯ್ಯುವವರು, ಕೊಯ್ಯಿಸುವವರು, ಜೀಪಿನ ಡ್ರೈವರುಗಳು, ಎಲೆ ಅಡಿಕೆ ಜಗಿಯುವ ಮುದುಕರು. ವಾರವೆಲ್ಲ ಒಬ್ಬರಿಗೊಬ್ಬರು ಎದುರು ಮಾತಾಡದವರೂ ಭಾನುವಾರ ಒಂದೇ ಬಾಯಲ್ಲಿ ಬೈಯುತ್ತಿದ್ದರು. “ಏನಣ್ಣಾ, ಲಾರಿ ನಿಲ್ಸಿ ಟೀ ಕುಡಿಯಾಕ್ ಓದ್ರಾ ನಿಮ್ ಬ್ಯಾಕುಗಳು?” ಎಂದು ಒಬ್ಬ ಕೂಗಿದರೆ, “ಗೇರ್ ಆಕಿ ಸ್ವಾಮಿ, ಗೇರ್ ಆಕಿ” ಎಂದು ಇನ್ನೊಬ್ಬ. ವಾಟ್ಸಾಪಿನಲ್ಲಿ ನಮ್ಮ ತಂಡದ ಗುಂಪು ಒಂದಿತ್ತು. ಅದರ ಹೆಸರನ್ನು ಯಾರೋ ಪುಣ್ಯಾತ್ಮರು ‘ಹತ್ತೇ ಜನ’ ಎಂದು ಬದಲಾಯಿಸಿದರು. ಆ ಹೆಸರೇ ನಿಂತಿತು.

ಏಕೆಂದರೆ ಅವರು ಆಡಿಸುತ್ತಿದ್ದುದು ಹತ್ತೇ ಜನರನ್ನು. ಹನ್ನೊಂದನೆಯವನು ಗಾಯವಾಗಿ ಕೂತಿದ್ದನೆಂದಲ್ಲ. ಆಡುತ್ತೇನೆಂದು ಬೂಟು ಕಟ್ಟಿಕೊಂಡು ನಿಂತವರು ಐದಾರು ಮಂದಿ ಇರುತ್ತಿದ್ದರು. ಆದರೂ ಎಡಗಡೆಯ ಬ್ಯಾಕ್, ಪೊದೆಯ ಪಕ್ಕದ ಮೂಲೆ, ಆರು ವರ್ಷ ಖಾಲಿ. ಅಲ್ಲಿ ಆಡುತ್ತಿದ್ದವನು ಮಾದೇಶ. ಆನೆ ತುಳಿದು ಸತ್ತವನು.

ನಮ್ಮ ಕಡೆ ಮಾಳಪಕ್ಷದಲ್ಲಿ ಸತ್ತವರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬಂದು ನಿಲ್ಲುತ್ತೇವೆ. ಉಣ್ಣುವವರು ಉಣ್ಣುವಾಗ ನೋಡಬಾರದು. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ. ವರ್ಷಕ್ಕೊಮ್ಮೆ ಮನೆಯೊಳಗೆ ನಡೆಯುವ ಇದನ್ನು ಮೇನೇಜ್ರಣ್ಣ ಪ್ರತಿ ಆಟಕ್ಕೂ ಮೈದಾನದಲ್ಲಿ ಮಾಡಿದರು. ಅರ್ಧ ಆಟವಾದ ಮೇಲೆ ಮಜ್ಜಿಗೆ ಬರುತ್ತಿತ್ತು, ಹನ್ನೊಂದು ಲೋಟ. ಒಂದನ್ನು ತಾವೇ ತೆಗೆದುಕೊಂಡು ಹೋಗಿ ಎಡಮೂಲೆಯ ಗೆರೆಯ ಮೇಲೆ ಇಟ್ಟು ಬರುತ್ತಿದ್ದರು. “ಎಲ್ಲಾ ಈ ಕಡೀಕ್ ತಿರುಗ್ರಪ್ಪಾ” ಎನ್ನುತ್ತಿದ್ದರು. ಆಟಗಾರರು ತಿರುಗುತ್ತಿದ್ದರು. ಬಂಡೆಯ ಮೇಲೆ ಕೂತು ಅಷ್ಟು ಹೊತ್ತೂ ಅವರ ಜನ್ಮ ಜಾಲಾಡಿದವರೂ ಬಾಯಿ ಮುಚ್ಚಿಕೊಂಡು ಬೆನ್ನು ತಿರುಗಿಸುತ್ತಿದ್ದರು. ಮೈಕು ಹಿಡಿದ ನಾನೂ ತಿರುಗುತ್ತಿದ್ದೆ. ಲೋಟವನ್ನು ವಾಪಸು ತಂದಾಗ ಮಜ್ಜಿಗೆ ಕೆಲವು ಸಲ ಕಡಿಮೆಯಾಗಿರುತ್ತಿತ್ತು. ನೆಲ ಒರಟು, ಲೋಟ ವಾಲಿರಬೇಕು ಎಂದು ನಾನು ಹೇಳಿಕೊಳ್ಳುತ್ತಿದ್ದೆ.

ಆಟ ಶುರುವಾಗುವ ಮೊದಲು ಇನ್ನೊಂದು ಪದ್ಧತಿ. ಲಾರಿಯವರು ಹೊರಡುವಾಗ ಕೋಲಿನಿಂದ ಟೈರು ತಟ್ಟಿ ಗಾಳಿ ನೋಡುತ್ತಾರಲ್ಲ, ಹಾಗೆ ಅವರು ಸಾಲಾಗಿ ನಿಂತ ಆಟಗಾರರ ಮೀನಖಂಡವನ್ನು ಒಂದೊಂದಾಗಿ ತಟ್ಟುತ್ತ ಬರುತ್ತಿದ್ದರು. ಹತ್ತು ಜನ ಮುಗಿದ ಮೇಲೆ ಇನ್ನೊಂದು ಹೆಜ್ಜೆ ಇಟ್ಟು, ಬಗ್ಗಿ, ಗಾಳಿಯಲ್ಲಿ ಒಂದು ಸಲ ತಟ್ಟುತ್ತಿದ್ದರು. ಕೊನೆಗೆ ನಿಲ್ಲುತ್ತಿದ್ದ ನಮ್ಮ ಗೋಲ್‌ಕೀಪರ್ ಒಳ್ಳೆ ಗಟ್ಟಿ ಆಳು. ಹನ್ನೊಂದನೆಯ ಸಲವೂ ಟಪ್ ಎಂದು ಸದ್ದು ಬಂತೆಂದು ಅವನು ಆಣೆ ಮಾಡಿ ಹೇಳಿದ. ಮುಂದಿನ ಆಟದಿಂದ ಅವನು ಸಾಲಿನ ಮೊದಲಿಗೆ ಬಂದು ನಿಂತ.

ಅದಾದ ಮೇಲೆ ಚೀಟಿ ನನ್ನ ಮೇಜಿಗೆ ಬರುತ್ತಿತ್ತು. ಅದರಲ್ಲಿ ಹನ್ನೊಂದು ಹೆಸರು. “ಎಲ್ಲಾ ಓದಿ ಮೇಷ್ಟ್ರೇ” ಎನ್ನುತ್ತಿದ್ದರು. ಮೊದಲನೆಯ ವರ್ಷ ನಾನು ಮೂರನೆಯ ನಂಬರನ್ನು ಹಾರಿಸಿ ಓದಿದೆ. ಅವರು ಆಟ ಶುರು ಮಾಡಲು ಬಿಡಲಿಲ್ಲ. ಮೈದಾನದ ನಡುವೆ ಹೋಗಿ ಚೆಂಡಿನ ಮೇಲೆ ಕಾಲಿಟ್ಟುಕೊಂಡು ನಿಂತರು. ಬಂಡೆಯವರು ಕೂಗಿದರು, ರೆಫರಿ ಪೀಪಿ ಊದಿದ. ಅವರು ನನ್ನನ್ನೇ ನೋಡುತ್ತ ನಿಂತರು. ಕೊನೆಗೆ ನಾನು ‘ಮೂರನೇ ನಂಬರ್, ಮಾದೇಶ’ ಎಂದೆ. ಅವರು ಕಾಲು ತೆಗೆದರು. ಮುದುಕನ ಹಟ ಎಂದು ಆವತ್ತು ನಾನು ಮೈಕಿನಲ್ಲೇ ನಕ್ಕೆ.

ಇಷ್ಟು ಮಾಡಿದ ಮೇಲೆ ಸೋಲದೆ ಇರುವುದು ಹೇಗೆ? ಆದರೆ ಒಂದು ಮಾತು ಹೇಳಲೇಬೇಕು. ಆರು ವರ್ಷದಲ್ಲಿ ನಮ್ಮ ಮೇಲೆ ಬಿದ್ದ ಗೋಲುಗಳೆಲ್ಲ ಬಲಗಡೆಯಿಂದ, ನಡುವಿನಿಂದ ಬಿದ್ದವು. ಯಾರೂ ಇಲ್ಲದ ಎಡಗಡೆಯಿಂದ ಒಂದೂ ಬೀಳಲಿಲ್ಲ. ಎದುರಿನ ಹುಡುಗರು ಆ ಕಡೆ ಚೆಂಡು ಹೊಡೆದುಕೊಂಡು ಓಡಿ ಬರುತ್ತಿದ್ದರು. ಮೂಲೆ ಹತ್ತಿರವಾದಂತೆ ನಿಧಾನಿಸಿ, ಎದುರಿಗೆ ಯಾರೋ ಕಾಲು ಚಾಚಿದಂತೆ ತಡೆದು, ಚೆಂಡನ್ನು ಹಿಂದಕ್ಕೆ ಕೊಟ್ಟುಬಿಡುತ್ತಿದ್ದರು. ಕೆಳಗಿನ ಸತ್ಯಮಂಗಲದಿಂದ ಒಂದು ತಂಡ ಬಂದಿತ್ತು. ಗೆದ್ದು ಹೊರಡುವಾಗ ಅವರ ಫಾರ್ವರ್ಡ್ ನನ್ನ ಮೇಜಿನ ಹತ್ತಿರ ನಿಂತು ನೀರು ಕುಡಿದು, “ಉಂಗ ಮೂಣಾಂ ನಂಬರ್ ರೊಂಬ ಕಷ್ಟಂ ಸಾರ್” ಎಂದ. ನಿಮ್ಮ ಮೂರನೇ ನಂಬರಿನವನನ್ನು ದಾಟುವುದು ತುಂಬ ಕಷ್ಟ ಎಂದು. ನಾನು ಓದಿದ ಹೆಸರು ಕೇಳಿ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ಮುಖ ನೋಡಿದೆ. ತಮಾಷೆ ಇರಲಿಲ್ಲ. ಮೊಣಕೈ ತರಚಿದ್ದನ್ನು ಉಜ್ಜಿಕೊಳ್ಳುತ್ತ ಅವನು ವ್ಯಾನು ಹತ್ತಿದ.

ಮಾದೇಶ ಸತ್ತ ದಿನದ ಬಗ್ಗೆ ಊರು ಹೇಳುತ್ತಿದ್ದುದು ಇಷ್ಟು. ದೊಡ್ಡಗಾಜನೂರಿನ ತಂಡದ ಮೇಲೆ ಆಟ. ನಾವು ಒಂದು ಗೋಲ್ ಹಿಂದೆ, ಸಮಯ ಮುಗಿಯುತ್ತ ಬಂದಿತ್ತು. ಇದ್ದ ಒಂದೇ ಚೆಂಡು ಪೊದೆಯೊಳಗೆ ಹೋಯಿತು. ಮೇನೇಜರ್ ‘ಹೋಗಿ ತಗೊಂಡ್ಬಾ’ ಎಂದು ಮಾದೇಶನನ್ನು ಕಳಿಸಿದರು. ಒಳಗೆ ಆನೆ ನಿಂತಿತ್ತು. ಒಂದು ಗೋಲಿನ ಆಸೆಗೆ ಕೂಲಿಯವ್ವನ ಒಬ್ಬನೇ ಮಗನನ್ನು ಕೊಂದ ಮನುಷ್ಯ ಎಂದು ಊರು ಅವರಿಗೆ ಹೆಸರಿಟ್ಟಿತು. ಅವರ ಜಗಲಿಗೆ ಜನ ಬರುವುದು ಕಡಿಮೆಯಾಯಿತು. ಮದುವೆ ಮನೆಯಲ್ಲಿ ಅವರ ಪಕ್ಕದ ಎಲೆ ಖಾಲಿ ಉಳಿಯುತ್ತಿತ್ತು.

ಊರು ಹೇಳುತ್ತಿದ್ದುದು ಸುಳ್ಳು. ಅವರು ಮಾದೇಶನನ್ನು ಕಳಿಸಲಿಲ್ಲ. ಆವತ್ತು ಅವರು ನನ್ನ ಮೇಜಿನ ಪಕ್ಕದಲ್ಲೇ ನಿಂತಿದ್ದರು. ಪೊದೆಯ ತುದಿ ಅಲುಗಿದ್ದನ್ನು ಅವರು ಕಂಡಿರಬೇಕು. “ಬುಡ್ಲಾ, ಬುಡು, ಓಗ್ಬ್ಯಾಡ” ಎಂದು ಕೂಗಿದರು. ಅದೇ ಹೊತ್ತಿಗೆ ನಾನು ಮೈಕಿನಲ್ಲಿ, “ಓಡು ಮಾದೇಶ, ಓಡು, ಟೈಮ್ ಆಗೋಯ್ತು, ಓಡು!” ಎನ್ನುತ್ತಿದ್ದೆ. ಒಬ್ಬ ಮುದುಕನ ಗಂಟಲು ಮೈಕಿನ ಎರಡು ದೊಡ್ಡ ಹಾರ್ನಿನ ಮುಂದೆ ಎಷ್ಟು ಕೇಳೀತು? ಅವರ ಮಾತು ಕೇಳಿಸಿದ್ದು ನನ್ನೊಬ್ಬನಿಗೆ. ಮಾದೇಶನಿಗೆ ಕೇಳಿಸಿದ್ದು ನನ್ನ ಮಾತು. ಇದನ್ನು ನಾನು ಆರು ವರ್ಷ ಯಾರಿಗೂ ಹೇಳಲಿಲ್ಲ. ಬಂಡೆಯ ಮೇಲಿದ್ದವರೆಲ್ಲ ಆವತ್ತು ಓಡು ಓಡು ಎಂದೇ ಕೂಗುತ್ತಿದ್ದರು. ಅವರಿಗೂ ಯಾರಾದರೂ ಒಬ್ಬರು ಬೇಕಾಗಿತ್ತು. ಮೇನೇಜರ್ ಸಿಕ್ಕರು.

ಎರಡು ವರ್ಷದ ಹಿಂದೆ ಅವರನ್ನು ತೆಗೆಯಬೇಕೆಂದು ಸಭೆ ಸೇರಿತು. ಒಂದೇ ಆಟದಲ್ಲಿ ಐದು ಗೋಲ್ ತಿಂದ ವಾರ ಅದು. ಶಾಲೆಯ ಜಗಲಿಯಲ್ಲಿ ಎಲ್ಲರೂ ಕೂತಿದ್ದರು. ಅವರು ಟವೆಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕೇಳಿಸಿಕೊಂಡರು. “ಬ್ಯಾರೆಯವ್ರ ಮಡೀಕಳಿ. ನಂದೇನೂ ಅಡ್ಡಿಲ್ಲ. ಆ ಜಾಗ ಮಾತ್ರ ಮುಟ್ಬ್ಯಾಡಿ” ಎಂದರು. ಜೀಪು ಓಡಿಸುವ ಒಬ್ಬ ಎದ್ದು ನಿಂತ.

“ನೀವೇ ಸಾಯಾಕ್ ಕಳುಸ್ಬುಟ್ಟು ನೀವೇ ಎಡೆ ಇಕ್ತೀರಾ? ನಿಮ್ ಪಾಪಕ್ಕ ನಾವ್ಯಾಕಣ್ಣ ಸೋಲ್ಬೇಕು?”

ನಾನು ಅವರಿಗೆ ಎದುರಾಗಿ ಕೂತಿದ್ದೆ. ಈಗ ನನ್ನ ಕಡೆ ನೋಡುತ್ತಾರೆ, ನೋಡಿದರೆ ಹೇಳಿಬಿಡುತ್ತೇನೆ ಅಂದುಕೊಂಡೆ. ಅವರು ನೋಡಲಿಲ್ಲ. “ಊ ಕಣಪ್ಪ, ನನ್ ಪಾಪವೇ” ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದುಹೋದರು. ಅವರ ಜಾಗಕ್ಕೆ ಬರಲು ಯಾರೂ ಒಪ್ಪಲಿಲ್ಲ. ಬೈಯುವುದು ಸುಲಭ, ಆ ಮೂಲೆಯ ಎದುರು ನಿಲ್ಲುವುದು ಸುಲಭವಲ್ಲ. ಅವರೇ ಮುಂದುವರಿದರು.

ಅದಾದ ಕೆಲವು ದಿನಕ್ಕೆ ದಿಂಬಂನ ಟೀ ಅಂಗಡಿಯಲ್ಲಿ ಸಿಕ್ಕರು. ಬಸ್ಸು ನಿಂತಿತ್ತು, ಮಂಜು ಎಷ್ಟು ದಟ್ಟವಾಗಿತ್ತೆಂದರೆ ಟೀ ಕೊಟ್ಟವನ ಕೈ ಮಾತ್ರ ಕಾಣುತ್ತಿತ್ತು. “ಅಣ್ಣಾ, ಆವತ್ತು ನಾನು…” ಎಂದು ಶುರು ಮಾಡಿದೆ. ಅವರು ಟೀ ಊದಿಕೊಳ್ಳುತ್ತ, “ದಾಟೋದ ತಿರುವ ತಿರುಗಿ ನೋಡ್ಬಾರ್ದು ಮೇಷ್ಟ್ರೇ, ಮುಂದ್ಲದು ತಪ್ತದ. ಐಕ್ಳು ಚೆನ್ನಾಗ್ ಓದ್ತಾವಾ?” ಎಂದರು. ನಾನು ಓದುತ್ತವೆ ಎಂದೆ. ಹೇಡಿಗೆ ಅಷ್ಟು ಸಾಕಾಯಿತು. ಮನೆಗೆ ಬರುವವರೆಗೂ ಹಗುರವಾಗಿದ್ದೆ, ಆ ಹಗುರಕ್ಕೆ ಈಗ ನಾಚಿಕೆಯಾಗುತ್ತದೆ.

ಅವರು ತೀರಿಕೊಂಡ ಮೂರನೆಯ ವಾರಕ್ಕೇ ಹೊಸ ಮೇನೇಜರ್ ಬಂದ. ಸಭೆಯಲ್ಲಿ ಎದ್ದು ನಿಂತು ಕೇಳಿದ ಅದೇ ಜೀಪಿನವನು. ಹನ್ನೊಂದು ಜನ ಆಡುವುದೆಂದು ತೀರ್ಮಾನವಾಯಿತು. ಬಂಡೆಯ ಮೇಲೆ ಹಬ್ಬದ ಕಳೆ. ಮೂರನೆಯ ನಂಬರಿನ ಬನಿಯನ್ ಹಾಕಿಕೊಂಡವನು ನನ್ನ ಅಕ್ಕನ ಮಗ ಸಿದ್ದರಾಜು, ಕೆಳಗೆ ಕಾಲೇಜು ತಂಡದಲ್ಲಿ ಆಡಿ ಬಂದವನು, ಚುರುಕು. ಚೀಟಿಯಲ್ಲಿ ಅವನ ಹೆಸರಿತ್ತು. ಆರು ವರ್ಷದಲ್ಲಿ ಮೊದಲ ಸಲ ನಾನು ಮಾದೇಶ ಎನ್ನಲಿಲ್ಲ. ಆ ಹೆಸರು ಬರಬೇಕಾದ ಕಡೆ ಮೈಕು ಸುಮ್ಮಸುಮ್ಮನೆ ಕುಂಯ್ ಎಂದಿತು.

ಆಟ ಶುರುವಾಗಿ ಹತ್ತು ನಿಮಿಷವಾಗಿರಲಿಲ್ಲ. ಸಿದ್ದರಾಜುವಿನ ಕಾಲಿಗೇ ಬಂದ ಚೆಂಡನ್ನು ಅವನು ಬಿಟ್ಟುಬಿಟ್ಟ. ಕಾಲೆತ್ತಿ ಚೆಂಡು ಹೋಗಲು ದಾರಿ ಬಿಟ್ಟ. ಹಿಂದೆ ಯಾರೂ ಇರಲಿಲ್ಲ. ಎದುರಿನವನು ಅದನ್ನು ಹಿಡಿದು ಗೋಲಿಗೆ ತಳ್ಳಿದ. ಎಡಗಡೆಯಿಂದ ಬಿದ್ದ ಮೊದಲ ಗೋಲ್ ಅದು. ಆಮೇಲೆ ಇನ್ನೂ ಎರಡು ಸಲ ಹಾಗೇ ಬಿಟ್ಟ. ಗೋಲ್‌ಕೀಪರ್ ಬಿದ್ದು ಉಳಿಸಿದ. ಬಂಡೆಯ ಮೇಲಿನವರಿಗೆ ಮೈ ಉರಿಯಿತು. “ನಿಮ್ ಅಳೀನ ಕಾಲಿಗ ಏನಾಗದ ಮೇಷ್ಟ್ರೇ?” ಎಂದು ನನ್ನ ಮೇಲೂ ಹಾಯ್ದರು.

ಕೊನೆಯ ಐದು ನಿಮಿಷವಿದ್ದಾಗ ಚೆಂಡು ಪೊದೆಯೊಳಗೆ ಹೋಯಿತು. ಇನ್ನೊಂದು ಚೆಂಡು ಆಗಲೇ ಮುಳ್ಳಿಗೆ ಸಿಕ್ಕಿ ಚಪ್ಪಟೆಯಾಗಿತ್ತು. ಸಿದ್ದರಾಜು ಅದರ ಹಿಂದೆ ಓಡಿದ. ಬಂಡೆಯ ಮೇಲೆ ಎಲ್ಲರೂ ಎದ್ದು ನಿಂತು “ಓಡು, ಓಡು” ಎಂದರು. ಹೊಸ ಮೇನೇಜರೂ ಅದನ್ನೇ ಕೂಗಿದ. ನಾನು ಮೈಕನ್ನು ಎರಡು ಕೈಯಲ್ಲೂ ಹಿಡಿದು, ಹಾರ್ನು ಒಡೆದುಹೋಗುವ ಹಾಗೆ, “ಬುಡು! ಓಗ್ಬ್ಯಾಡ! ಬುಡು!” ಎಂದೆ. ಅವನು ಪೊದೆಯ ಅಂಚಿನಲ್ಲಿ ನಿಂತಿದ್ದ. ರೆಫರಿ ಕಾದು ನೋಡಿ ಆಟ ಮುಗಿಸಿದ. ಸೋತೆವು. ಆಮೇಲೆ ನಾಲ್ಕು ಜನ ಪಟಾಕಿ ಹೊಡೆದು ಒಳಗೆ ಹೋದರು. ಆನೆಯೂ ಇರಲಿಲ್ಲ, ಹೆಜ್ಜೆಯೂ ಇರಲಿಲ್ಲ. ಪೊದೆಯ ನಡುವೆ ಒಂದಿಷ್ಟು ಜಾಗದಲ್ಲಿ ಹುಲ್ಲು ತುಳಿದು ಸಮವಾಗಿತ್ತಂತೆ, ಯಾರೋ ದಿನಾ ಬಂದು ನಿಲ್ಲುವ ಜಾಗದ ಹಾಗೆ. ಅದರ ಮಧ್ಯೆ ಚೆಂಡು ಇತ್ತಂತೆ.

ಊರು ಇಡೀ ಸಂಜೆ ನನ್ನನ್ನು ಬೈಯಿತು. ಮೇಷ್ಟ್ರೇ ಸೋಲಿಸಿದ್ದು ಎಂದಿತು. ಮನೆಗೆ ಬರುವಾಗ ಸಿದ್ದರಾಜು ನನ್ನ ಪಕ್ಕ ನಡೆಯುತ್ತಿದ್ದ.

“ಮಾವ, ನೀವು ಮೈಕಲ್ಲಿ ಯೋಳಾಕ್ ಮೊದ್ಲೇ ನಾ ನಿಂತ್ಬುಟ್ಟಿದ್ದಿ.”

“ಯಾಕ್ಲಾ?”

“ಇಂದ್ಗಡಿಂದ ಒಬ್ರು ‘ಬುಡ್ಲಾ, ಬುಡು, ಓಗ್ಬ್ಯಾಡ’ ಅಂದ್ರು. ಆಟ ಸುರುವಾದಾಗ್ನಿಂದ್ಲೂ ಅದೇ ದನಿ. ನಮ್ ಬ್ಯಾಕು ಇರ್ಬೇಕು, ಅವ್ರು ನೋಡ್ಕತಾರೆ ಅಂದ್ಕಂಡು ನಾ ಚೆಂಡ ಬುಡ್ತಿದ್ದಿ.” ಅವನೇ ಕೇಳಿದ. “ವಯಸ್ಸಾದೋರ ದನಿ ಮಾವ. ನಮ್ ಬ್ಯಾಕಲ್ಲಿ ವಯಸ್ಸಾದೋರು ಯಾರವ್ರೆ?”

ಆ ಮಾತುಗಳನ್ನು ಆರು ವರ್ಷದ ಹಿಂದೆ ಕೇಳಿದವನು ನಾನೊಬ್ಬನೇ. ಸಿದ್ದರಾಜು ಆಗ ಊರಲ್ಲೇ ಇರಲಿಲ್ಲ. ನನಗೆ ಆ ರಾತ್ರಿ ಕಣ್ಣು ಮುಚ್ಚಲಾಗಲಿಲ್ಲ. ಮಾರನೆಯ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಮಾದೇಶನ ತಾಯಿಯ ಮನೆಗೆ ಹೋದೆ.

ಅವರು ಕೂಲಿಗೆ ಹೋಗುವವರು. ಆವತ್ತು ಬಾಗಿಲಲ್ಲಿ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದರು. ನಾನು ಜಗಲಿಯ ಅಂಚಿನಲ್ಲಿ ಕೂತು, ಎಲ್ಲವನ್ನೂ ಹೇಳಿದೆ. ಕಳಿಸಿದ್ದು ಅವರಲ್ಲ ಅವ್ವ, ಓಡು ಅಂದದ್ದು ನಾನು, ಅವರು ಬೇಡ ಅಂದಿದ್ದರು ಎಂದೆ. ಮೊರ ನಿಂತಿತು.

“ಗೊತ್ತು ಕಣಪ್ಪ” ಎಂದರು. “ಮೈಕು ನಮ್ಮಟ್ಟಿಗೂ ಕೇಳ್ತದ.”

ನಾನು ಮೈದಾನದ ಕಡೆ ತಿರುಗಿ ನೋಡಿದೆ.

“ಆವತ್ತೂ ನಾ ಇಲ್ಲೇ ಕೂತಿದ್ದಿ. ‘ಓಡು ಮಾದೇಸ, ಓಡು’ ಅಂತ ನಿನ್ ದನಿ ಬಂತು. ನನ್ ಮಗ ಗೋಲ್ ಒಡೀತಾವ್ನೆ ಅನ್ಕಂಡು ನಾ ನಗಾಡ್ದಿ.” ಮೊರವನ್ನು ಕೆಳಗಿಟ್ಟರು. “ಮೂರ್ನೇ ದಿನ ಮೇನೇಜ್ರು ಬಂದ್ರು. ಆವಯ್ಯನ ಪೈಕಿಯೋರು ನಮ್ ಬೀದೀಲಿ ನೀರೂ ಕುಡಿಯಾಕಿಲ್ಲ, ಆದ್ರೂ ಆವಯ್ಯ ಇಲ್ಲೇ ನೀ ಕೂತಿರೋ ಜಾಗ್ದಲ್ಲಿ ಕೂತ್ರು. ‘ಮೇಷ್ಟ್ರ ಎಸ್ರ ಎತ್ಬ್ಯಾಡ ಕಣವ್ವ. ಈಗ್ತಾನೆ ಕೆಲ್ಸ ಸಿಕ್ಕದ, ಐಕ್ಳ ಮುಂದ ನಿಂತ್ಕಂಡು ಪಾಠ ಯೋಳ್ಬೇಕು. ಊರು ಕೇಳುದ್ರ ನಾನೇ ಕಳುಸ್ದಿ ಅಂತೀನಿ’ ಅಂದ್ರು. ನಂಗ ಕ್ವಾಪ ಇತ್ತು. ‘ಅಂಗಾರ ನನ್ ಮಗನ ಜಾಗಕ್ಕ ಇನ್ನೊಬ್ಬನ ನಿಲ್ಲುಸ್ಬ್ಯಾಡಿ, ಆಟ ಆದಾಗೆಲ್ಲ ಅದೇ ಮೈಕಲ್ಲಿ, ಅದೇ ಬಾಯಲ್ಲಿ ಅವ್ನ ಎಸ್ರ ಯೋಳ್ಸಿ’ ಅಂತ ನಾ ಅಂದಿ. ‘ಆಯ್ತು’ ಅಂದ್ರು. ನಾ ಕಾಪಿ ಕೊಟ್ಟಿ, ಕುಡುದ್ರು, ಎದ್ದೋದ್ರು.”

ಊರು ಆರು ವರ್ಷ ಸೋತದ್ದು, ಬಂಡೆಯ ಮೇಲಿನ ಬೈಗುಳ, ಮದುವೆ ಮನೆಯ ಖಾಲಿ ಎಲೆ, ಅಷ್ಟನ್ನೂ ಆ ಮನುಷ್ಯ ನನ್ನ ಸಲುವಾಗಿ ಹೊತ್ತಿದ್ದರು. ಹೊತ್ತವರನ್ನು ನಾನು ಭಾನುವಾರ ಭಾನುವಾರ ಮೈಕಿನಲ್ಲಿ ಗೇಲಿ ಮಾಡಿದ್ದೆ. ಕೂತಲ್ಲೇ ಅತ್ತೆ. ಆಕೆ ನನ್ನನ್ನು ಸಮಾಧಾನ ಮಾಡಲು ಬರಲಿಲ್ಲ. ಅದು ನ್ಯಾಯವಾಗಿಯೇ ಇತ್ತು.

“ನೆನ್ನೆ ‘ಬುಡು, ಓಗ್ಬ್ಯಾಡ’ ಅಂದ್ಯಲ್ಲ” ಎಂದರು ಆಮೇಲೆ, ರಾಗಿಯನ್ನೇ ನೋಡುತ್ತ. “ಅದೂ ಕೇಳ್ತು. ಚೆನ್ನಾಗ್ ಕೇಳ್ತು ಕಣಪ್ಪ. ಆವತ್ತೇ ಅಂದಿದ್ರ ಅವ್ನಿಗೂ ಕೇಳ್ತಿತ್ತು.”

ಅಷ್ಟು ಹೇಳಿ ಮೊರವನ್ನು ಮತ್ತೆ ಕೈಗೆ ತೆಗೆದುಕೊಂಡರು. ಶಾಲೆಗೆ ಹೊತ್ತಾಗುತ್ತಿತ್ತು. ನಾನು ಏಳಲಿಲ್ಲ.